ಬಿಳಿಗಿರಿ ಕಾರು ಬೆಟ್ಟ ಹತ್ತಿಸಿದ್ದು

ಒಬ್ಬಳು ತಾಯಿ, ಒಬ್ಬ ಮಗ, ಒಂದು ಹಳೇ ಕಾರು. ಇಷ್ಟೇ ಆ ಮನೆ ಸಂಸಾರ. ತಾಯಿ ಹೆಸರು ಚೆಲುವಾಜಮ್ಮ, ಮಗನ ಹೆಸರು ಬಿಳಿಗಿರಿ. ಕಾರಿಗೆ ಹೆಸರಿರಲಿಲ್ಲ, ಬೈಗುಳ ಮಾತ್ರ ಇತ್ತು. ಊರು ಹನೂರಿನ ಕಡೆ, ಬೆಟ್ಟದ ಬುಡದಲ್ಲಿ. ಏಯ್, ಮುಂದೆ ಕೂತಿರೋರು ಸ್ವಲ್ಪ ತಡೀರಪ್ಪ, ಇನ್ನೂ ಶುರುವೇ ಮಾಡಿಲ್ಲ, ಆಗಲೇ ಹಲ್ಲು ಬಿಡ್ತೀರಲ್ಲ!

ಈ ಬಿಳಿಗಿರಿ ಇದ್ದನಲ್ಲ, ಮೂವತ್ತು ತುಂಬಿದ ಆಳು. ಸ್ಟೇರಿಂಗು ಹಿಡಿದರೆ ತೊಟ್ಟಿಲು ತೂಗಿದ ಹಾಗೆ ಗಾಡಿ ಓಡಿಸೋನು. ಬರ್ತಿದ್ದದ್ದು ಅದೊಂದೇ. ಮಿಕ್ಕಿದ್ದಕ್ಕೆಲ್ಲ ತಲೆ ಖಾಲಿ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಹಾಲು ನೋಡ್ಕೊಳ್ಲಾ" ಅಂದರೆ, ಹಾಲು ಉಕ್ಕಿ, ಸೀದು, ಒಲೆ ಆರೋವರೆಗೂ ನೋಡ್ತಾನೇ ಕೂತಿರೋನು. ಬೈದರೆ ಒಂದೇ ಮಾತು: "ಹೇಳಿದಂಗೇ ಮಾಡಿವ್ನಿ ಕಣವ್ವ!"

ಅವರಪ್ಪ ಬಿಟ್ಟು ಹೋಗಿದ್ದು ಆ ಕಾರೊಂದೇ. ಬೆಟ್ಟದ ಮೇಲಿನ ಶಾಲೆಗೆ ಮೂರು ಜನ ಮಿಸ್ಸುಗಳನ್ನ ದಿನಾ ಕರ್ಕೊಂಡು ಹೋಗೋದು, ಸಾಯಂಕಾಲ ಕರ್ಕೊಂಡು ಬರೋದು. ತಾಯಿ ಮಗನ ಅನ್ನ ಅದರಲ್ಲೇ. ಈಗ ಏನಾಯ್ತು, ಆ ಕಾರು ದಿನಾ ಬೆಟ್ಟದ ಮೂರನೇ ತಿರುವಿಗೆ ಬಂದ್ರೆ ಸಾಕು, ಕೊತಕೊತ ಕುದಿಯೋದು! ಬುಸ್ ಅಂತ ಹಬೆ ಬಿಟ್ಟು ಅಲ್ಲೇ ನಿಲ್ಲೋದು! ಬೆಲ್ಲು ಹೊಡೆಯೋದು ಮೇಲೆ, ಮಿಸ್ಸುಗಳು ನಿಂತಿರೋದು ಕೆಳಗೆ.

ಹೆಡ್‌ಮಿಸ್ಸು ಸರ್ವಮಂಗಳ ಅಂತ. ಮಾತು ಕಡಿಮೆ, ಆದರೆ ಆಡಿದ್ದು ಆಡಿದ್ದೇ. ಸೋಮವಾರ ಸಾಯಂಕಾಲ ಮನೆ ಬಾಗಿಲಿಗೇ ಬಂದು ಹೇಳಿದ್ರು: "ಚೆಲುವಾಜಮ್ಮ, ಈ ವಾರ ಕಾಯ್ತೀನಿ. ಭಾನುವಾರದೊಳಗೆ ಕಾರು ಸರಿಹೋಗಬೇಕು. ಇಲ್ದಿದ್ರೆ ಮುಂದಿನ ವಾರದಿಂದ ನಾವು ಬೆಟ್ಟಕ್ಕೆ ಬಾಡಿಗೆ ಓಡೋ ಜೀಪಲ್ಲಿ ಹೋಗ್ತೀವಿ. ಬೇಜಾರು ಮಾಡ್ಕೋಬೇಡಿ."

ಚೆಲುವಾಜಮ್ಮ ಕೂತು ಲೆಕ್ಕ ಹಾಕಿದಳು. ಮಿಸ್ಸುಗಳು ಹೋದ್ರೆ ಕಾರು ಗುಜರಿಗೆ. ಕಾರು ಗುಜರಿಗೆ ಹೋದ್ರೆ ಈ ಪೆದ್ದನಿಗೆ ಇನ್ಯಾರು ಕೆಲಸ ಕೊಡ್ತಾರೆ? ಮಗನ್ನ ಕರೆದು ಕೂರಿಸಿ ಹೇಳಿದಳು: "ನೋಡ್ಲಾ, ಗಾಡಿ ಬಿಸಿಯಾದ್ರೆ ಹೆದರಬೇಡ. ನೀರು ಹಾಕು."

"ಆಯ್ತು ಕಣವ್ವ!"

ಮಂಗಳವಾರ ಮೂರನೇ ತಿರುವು. ಬುಸ್! ಬಿಳಿಗಿರಿ ಬಿಂದಿಗೆ ಹಿಡಿದು ಹಳ್ಳಕ್ಕೆ ಇಳಿದ. ನೀರು ತಂದ. ಬಾನೆಟ್ಟಿನ ಮೇಲೆ ಹುಯ್ದ! ಟಾಪಿನ ಮೇಲೆ ಹುಯ್ದ! ಕಿಟಕಿ ತೆಗೆದಿತ್ತು, ಒಳಗೂ ಹುಯ್ದ! "ಅಯ್ಯಯ್ಯೋ, ನಿಲ್ಸೋ!" ಅಂತ ಮಿಸ್ಸುಗಳು ಕಿರುಚಿದ್ರೆ, "ಗಾಡಿ ಒಳಗೂ ಬಿಸಿ ಐತೆ ಮಿಸ್ಸು!" ಅಂದ. ಏಳು ಬಿಂದಿಗೆ! ಮೂರು ಜನ ಮಿಸ್ಸುಗಳು ತೊಯ್ದು ತೊಪ್ಪೆ.

ಮನೆಗೆ ಸುದ್ದಿ ಮುಟ್ಟಿತು. ಅವ್ವ ಹಣೆ ಹಣೆ ಚಚ್ಕೊಂಡಳು. "ಅಯ್ಯೋ ನನ್ನ ಕರ್ಮವೇ! ಮೈ ತೊಳೆಯೋಕೆ ಅದೇನು ಎಮ್ಮೆಯೇನ್ಲಾ? ಮುಂದುಗಡೆ ರೇಡಿಯೇಟರು ಅಂತ ಐತಲ್ಲ, ಅದರ ಮುಚ್ಚಳ ತೆಗೆದು ಬಾಯೊಳಕ್ಕೆ ಹುಯ್ಬೇಕು ಕಣೋ, ಬಾಯೊಳಕ್ಕೆ!"

"ಮುಂಚೇನೇ ಹೇಳಬಾರ್ದಾ ಅವ್ವ!"

ಬುಧವಾರ ಮೂರನೇ ತಿರುವು. ಬುಸ್! ಬಿಳಿಗಿರಿ ಇಳಿದ. ಟವಲು ಸುತ್ತಿದ ಕೈಯಲ್ಲಿ ಕುದೀತಿರೋ ಮುಚ್ಚಳ ಹಿಡಿದು ತಿರುಗಿಸಿಯೇಬಿಟ್ಟ. ಆಹಾಹಾ, ಎದ್ದಿತು ನೋಡಿ ಕಾರಂಜಿ! ಮುಚ್ಚಳ ಮರಕ್ಕೆ ಹಾರಿತು. ಬಿಳಿಗಿರಿ ಚರಂಡಿಗೆ ಹಾರಿದ. ದೇವರು ದೊಡ್ಡವನು, ಮುಖ ಉಳೀತು, ಎಡಗಡೆ ಮೀಸೆ ಮಾತ್ರ ಮುದುಡಿ ಹೋಯ್ತು.

ಅವ್ವ ಮೊದಲು ಅತ್ತಳು. ಮಗನ ಮುಖ ತಡವಿ ತಡವಿ ನೋಡಿದಳು. ಏನೂ ಆಗಿಲ್ಲ ಅಂತ ಗೊತ್ತಾದ ಮೇಲೆ ಬೆನ್ನಿಗೆ ನಾಲ್ಕು ಬಿಟ್ಟಳು. "ಬಿಸಿ ಇರೋವಾಗ ಮುಚ್ಚಳ ತೆಗೀತಾರೇನ್ಲಾ, ಮುಂಡೇದೇ! ಇವತ್ತಿಂದ ಬಿಸಿ ಇರೋ ಯಾವುದರ ಮುಚ್ಚಳವನ್ನೂ ತೆಗೀಬೇಡ. ಬೇರೆಯೋರು ತೆಗೆಯೋಕೆ ಬಂದ್ರೂ ಬಿಡಬೇಡ. ತಣ್ಣಗಾಗೋವರೆಗೂ ಕಾಯಿ!"

"ಆಯ್ತು ಕಣವ್ವ!"

ಗುರುವಾರ ಚೆಲುವಾಜಮ್ಮ ಬೆಳಿಗ್ಗೆ ಬೇಗ ಎದ್ದು ಅವರೆಕಾಳು ಉಪ್ಪಿಟ್ಟು ಮಾಡಿದಳು. ತುಪ್ಪ ಸುರಿದಳು. ತೊಯ್ದ ಮಿಸ್ಸುಗಳ ಸಿಟ್ಟು ಇಳಿಸಬೇಕಲ್ಲ! ಟಿಫಿನ್ ಕ್ಯಾರಿಯರ್ ತುಂಬಿಸಿ, "ಬಿಸಿಬಿಸಿ ಐತೆ, ಮಿಸ್ಸುಗಳಿಗೆ ಕೊಡು" ಅಂತ ಕಳಿಸಿದಳು. ಅವತ್ತೂ ಕಾರು ಮೂರನೇ ತಿರುವಲ್ಲಿ ಕುದ್ದು, ಆರಿ, ಹೆಂಗೋ ಶಾಲೆ ಮುಟ್ಟಿತು. ಹಸಿದ ಮಿಸ್ಸುಗಳು ತಟ್ಟೆ ಹಿಡಿದು ಕೂತರು. ಸರ್ವಮಂಗಳ ಮಿಸ್ಸು ಕ್ಯಾರಿಯರಿಗೆ ಕೈ ಹಾಕಿದ್ರು.

"ಮುಟ್ಟಬೇಡಿ!" ಬಿಳಿಗಿರಿ ಹಾರಿ ಬಂದು ಕ್ಯಾರಿಯರ್ ಮೇಲೆ ಕೂತುಬಿಟ್ಟ.

"ಏನೋ ಇದು?"

"ಬಿಸಿ ಐತೆ ಮಿಸ್ಸು! ಮುಚ್ಚಳ ತೆಗೆದ್ರೆ ಮುಖಕ್ಕೆ ಹಾರ್ತದೆ! ನನ್ನ ಮೀಸೆ ನೋಡಿ!"

ಬೇಡ್ಕೊಂಡ್ರು, ಬೈದ್ರು, ಕೋಲು ತೋರಿಸಿದ್ರು. ಊಹೂಂ! ಕೆಳಗೆ ಕೈಯಿಟ್ಟು ನೋಡೋದು, "ಇನ್ನೂ ಐತೆ ಮಿಸ್ಸು" ಅನ್ನೋದು, ಮತ್ತೆ ಕೂರೋದು. ಬೆಲ್ಲು ಹೊಡೀತು. ಮಿಸ್ಸುಗಳು ಖಾಲಿ ಹೊಟ್ಟೇಲಿ ಮಗ್ಗಿ ಹೇಳಿಸೋಕೆ ಹೋದ್ರು. ಉಪ್ಪಿಟ್ಟು ತಣ್ಣಗೆ ಕಲ್ಲಾದ ಮೇಲೆ ಬಿಳಿಗಿರಿ ಮುಚ್ಚಳ ತೆಗೆದ.

"ಅಯ್ಯೋ ನನ್ನ ಕರ್ಮವೇ!" ಅಂದಳು ಅವ್ವ. "ಇನ್ಮೇಲೆ ಯಾರು ಏನು ಕೇಳ್ತಾರೋ, ತಡ ಮಾಡದೆ ಅದನ್ನೇ ಕೊಡು. ಇಲ್ಲ ಅನ್ನಬೇಡ. ತಿಳೀತಾ?"

ತಿಳೀತು, ಪಾಪ. ತಿಳಿದಿದ್ದೇ ತಪ್ಪಾಯ್ತು.

ಅವತ್ತು ಸಾಯಂಕಾಲ ಅವಳು ಮಗನ್ನೂ ಕಾರನ್ನೂ ಗಫಾರ್ ಸಾಬರ ಗ್ಯಾರೇಜಿಗೆ ಕರ್ಕೊಂಡು ಹೋದಳು. ಗಫಾರ್ ಸಾಬರು ಆ ಸೀಮೆಗೆಲ್ಲ ಹೆಸರಾದ ಮೆಕ್ಯಾನಿಕ್ಕು. ಪೈಪು ಹಿಸುಕಿದ್ರು. ಪಂಪು ನೋಡಿದ್ರು. ಬೆಲ್ಟು ಎಳೆದ್ರು. ಕಾರಿನ ಕೆಳಗೆ ಮಲಗಿ ಎದ್ದು ಗಡ್ಡ ಕೆರೆದುಕೊಂಡ್ರು. "ಅಮ್ಮಾ, ನೀರು ಕಮ್ಮಿ ಆಗ್ತಿದೆ, ಅದಕ್ಕೇ ಎಂಜಿನ್ನು ಕುದೀತಿದೆ. ಆದರೆ ಎಲ್ಲೂ ಸೋರಿಲ್ಲ. ನೀರು ಎಲ್ಲಿಗೆ ಹೋಗ್ತಿದೆ ಅನ್ನೋದೇ ಗೊತ್ತಾಗ್ತಿಲ್ಲ." ಆಮೇಲೆ ಬಿಳಿಗಿರಿಗೆ ಹೇಳಿದ್ರು: "ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಡು. ಬೆಳಿಗ್ಗೆ ಒದ್ದೆ ರಟ್ಟು ತಂದು ನನಗೆ ಕೊಡು."

ಬೆಳಿಗ್ಗೆ ನೋಡಿದ್ರೆ ರಟ್ಟು ಒಣಗಿ ಗರಿಗರಿ. ಒದ್ದೆ ರಟ್ಟು ಕೇಳವ್ರೆ, ಇಲ್ಲ ಅನ್ನಂಗಿಲ್ಲ, ತಡ ಮಾಡಂಗಿಲ್ಲ! ತೊಟ್ಟಿಗೆ ಅದ್ದಿದ, ಎರಡು ಸಲ ಮಗುಚಿ ಅದ್ದಿದ, ತಲೆ ಮೇಲೆ ಹೊತ್ಕೊಂಡು ಓಡಿದ.

"ಯಾ ಅಲ್ಲಾ!" ಸಾಬರು ಬೀಡಿ ಬೀಳಿಸಿದ್ರು. "ಇಡೀ ರಟ್ಟೇ ಒದ್ದೆ! ಕಾರಲ್ಲಿ ಇಷ್ಟು ನೀರೇ ಹಿಡಿಯಲ್ವಲ್ಲೋ! ಎಲ್ಲಿಂದ ಬಂತು?"

"ತೊಟ್ಟಿಯಿಂದ."

ಸಾಬರು ರಟ್ಟು ಮೂಲೆಗೆ ಎಸೆದು, ಒಂದು ಡಬ್ಬ ಹಿಡಿದು ಅವನ ಜೊತೆ ಕಾರಿದ್ದ ಕಡೆಗೇ ಬಂದ್ರು. ಡಬ್ಬದಲ್ಲಿದ್ದ, ಎಂಜಿನ್ನು ತಣ್ಣಗಿಡೋ ಹಸಿರು ಕೂಲೆಂಟನ್ನ ರೇಡಿಯೇಟರಿಗೆ ತುಂಬಿಸಿದ್ರು. ಬಿಳಿಗಿರಿ ಕೈಗೆ ಒಂದು ಸೀಮೆಸುಣ್ಣ ಕೊಟ್ಟು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳಿದ್ರು. "ತೊಟ್ಟಿ ನೀರಿಗೆ ಬಣ್ಣ ಇಲ್ಲ. ಇದಕ್ಕೆ ಹಸಿರು ಬಣ್ಣ ಇದೆ. ಇವತ್ತು ಗಾಡಿ ಓಡಿಸು. ಎಲ್ಲಿ ಹಸಿರು ಒದ್ದೆ ಕಾಣ್ತದೋ, ಅದೇ ಸೋರ್ತಾ ಇರೋ ಜಾಗ. ಅದರ ಸುತ್ತ ಸುಣ್ಣದಲ್ಲಿ ಗುಂಡಗೆ ಗೆರೆ ಎಳಿ. ಒರೆಸಬೇಡ, ತೊಳೀಬೇಡ. ಹೆಂಗಿದೆಯೋ ಹಂಗೇ ನನ್ನ ಹತ್ರ ತಗೊಂಡು ಬಾ!"

ಶುಕ್ರವಾರ ಅದು. ಇನ್ನೆರಡೇ ದಿನ ಉಳಿದಿದ್ದು. ಚೆಲುವಾಜಮ್ಮ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟಳು.

ಬಿಳಿಗಿರಿ ಬೆಳಿಗ್ಗೆ ಕಾರು ಸುತ್ತಿ ನೋಡಿದ, ಹಸಿರಿಲ್ಲ. ಮಧ್ಯಾಹ್ನ ಬಗ್ಗಿ ನೋಡಿದ, ಹಸಿರಿಲ್ಲ. ಸಾಯಂಕಾಲ ಸರ್ವಮಂಗಳ ಮಿಸ್ಸು ಮುಂದಿನ ಸೀಟಿಂದ ಇಳಿದು ಮನೆ ಗೇಟು ತೆಗೀತಿದ್ರು. ಹಿಮ್ಮಡಿ ಒಡೆದಿತ್ತು ಅಂತ ಬಿಳೀ ಕಾಲುಚೀಲ ಹಾಕಿದ್ರು. ಬಲಗಾಲಿನ ಚೀಲ ಹಸಿರು! ಪಾದದಿಂದ ಕಾಲಿನ ಗಿಣ್ಣಿನವರೆಗೆ ಒದ್ದೆ ಹಸಿರು!

"ಅಲ್ಲಾಡಬೇಡಿ ಮಿಸ್ಸು!" ಬಿಳಿಗಿರಿ ಧಡಾರನೆ ಅವರ ಕಾಲಿಗೆ ಬಿದ್ದ.

"ಏಳಪ್ಪ, ಏಳು, ಇದೆಲ್ಲ ಬೇಡ..." ಮಿಸ್ಸು ಆಶೀರ್ವಾದ ಮಾಡೋಕೆ ಕೈ ಎತ್ತಿದ್ರು. ಅವನು ಸುಣ್ಣ ತೆಗೆದು ಕಾಲಿನ ಸುತ್ತ ಗುಂಡಗೆ ಗೆರೆ ಎಳೆದ!

"ಏನೋ ಮಾಡ್ತಿದ್ದೀಯ?"

"ಮಿಸ್ಸು, ನೀವು ಸೋರ್ತಾ ಇದ್ದೀರಿ!"

ಬೀದಿ ಜನ ಎಲ್ಲ ನಿಂತು ನೋಡಿದ್ರು. ಮಿಸ್ಸು ಮುಖ ಕೆಂಪಗಾಯ್ತು. ಕಾಲುಚೀಲ ಬಿಚ್ಚೋಕೆ ಬಗ್ಗಿದ್ರೆ, "ಬಿಚ್ಚಂಗಿಲ್ಲ! ಒರೆಸಂಗಿಲ್ಲ! ಹೆಂಗಿದೆಯೋ ಹಂಗೇ ಸಾಬರ ಹತ್ರ ತಗೊಂಡು ಹೋಗ್ಬೇಕು!" ಅಂತ ಅವರನ್ನ ವಾಪಸು ಕಾರಲ್ಲಿ ಕೂರಿಸಿ ಹೊರಟೇಬಿಟ್ಟ. ಮಿಸ್ಸು ದಾರಿಯುದ್ದಕ್ಕೂ ಒಂದೇ ಮಾತು: "ಸೋಮವಾರದಿಂದ ಜೀಪು! ಇದು ಖಂಡಿತ! ಜೀಪು!"

ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ಬಿಳಿಗಿರಿ ಕೂಗಿದ: "ಸಾಬರೇ, ಸಿಕ್ತು! ನಮ್ಮ ಮಿಸ್ಸೇ ಸೋರ್ತಿದ್ದದ್ದು!"

ಗಫಾರ್ ಸಾಬರು ಮೊದಲು ತಲೆ ಮೇಲೆ ಕೈ ಹೊತ್ಕೊಂಡ್ರು. ಆಮೇಲೆ ಆ ಹಸಿರು ನೋಡಿದ್ರು. ನೋಡಿದ್ದೇ ತಡ, ಕಣ್ಣು ಅಗಲ ಆಯ್ತು. "ಮೇಡಂ, ಕಾರಲ್ಲಿ ಕಾಲು ಎಲ್ಲಿಟ್ಟಿದ್ರಿ?"

"ಎಲ್ಲಿಡ್ತಾರೆ, ಕೆಳಗೆ ಮ್ಯಾಟ್ ಮೇಲೆ! ಮೊನ್ನೆ ಇವನು ಬಿಂದಿಗೆ ಬಿಂದಿಗೆ ನೀರು ಹುಯ್ದಿದ್ದ, ಅದೇ ಇನ್ನೂ ಒಣಗಿಲ್ಲ ಅಂದ್ಕೊಂಡಿದ್ದೆ."

ಸಾಬರು ಮ್ಯಾಟ್ ಎತ್ತಿದ್ರು. ಅಬ್ಬಬ್ಬಾ! ಕೆಳಗೆ ಹಸಿರು ಕೆರೆ! ಬೆರಳದ್ದಿ ಮೂಸಿದ್ರು, ಸಿಹಿ ವಾಸನೆ. ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಅಲ್ಲಿಂದಲೇ ಕೂಗಿದ್ರು: "ಹೀಟರು! ಈ ಗಾಡಿಗೆ ಹೀಟರು ಇದೆ! ಎಂಜಿನ್ನಿನ ಬಿಸಿ ನೀರು ಒಳಗೆ ಬಂದು ಹೋಗ್ತದೆ, ಅದೇ ತೂತು ಬಿದ್ದಿದೆ! ಸೋರಿದ್ದೆಲ್ಲ ಕಾರಿನ ಒಳಗೆ, ನಾವು ಹುಡುಕಿದ್ದೆಲ್ಲ ಹೊರಗೆ!"

ಅಲ್ಲ ಕಣ್ರಪ್ಪ, ನೀವೇ ಹೇಳಿ, ನಮ್ಮ ಸೀಮೆಯಲ್ಲಿ ಹೀಟರು ಯಾವನಿಗೆ ಬೇಕು? ಕಾರನ್ನ ಬಿಸಿಲಲ್ಲಿ ನಿಲ್ಲಿಸಿದ್ರೆ ಸೀಟಿನ ಮೇಲೆ ಹಪ್ಪಳ ಸುಡಬಹುದು. ಅವರಪ್ಪನ ಕಾಲದಿಂದ ಆ ಹೀಟರಿನ ಗುಂಡಿ ಯಾರೂ ತಿರುಗಿಸಿರಲಿಲ್ಲ. ಅಂಥದ್ದೊಂದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ.

ಸಾಬರು ಹೀಟರಿಗೆ ಹೋಗೋ ಎರಡು ಪೈಪು ಕಿತ್ತು, ಒಂದಕ್ಕೊಂದು ಜೋಡಿಸಿ, ಕ್ಲಿಪ್ಪು ಬಿಗಿದ್ರು. ಬಿಳಿಗಿರಿ ಬೆನ್ನು ತಟ್ಟಿದ್ರು. "ಮೂವತ್ತು ವರ್ಷ ಸ್ಪ್ಯಾನರು ಹಿಡಿದಿದ್ದೀನಿ, ನನ್ನ ಕಣ್ಣಿಗೆ ಬೀಳಲಿಲ್ಲ. ನಿನ್ನ ಕಣ್ಣಿಗೆ ಬಿತ್ತಲ್ಲಯ್ಯ!" ಚೆಲುವಾಜಮ್ಮ ಸುದ್ದಿ ಕೇಳಿ ಮಗನಿಗೆ ದೃಷ್ಟಿ ತೆಗೆದಳು. ಹುಟ್ಟಿದಾಗಿಂದ ಮೊದಲನೇ ಸಲ ಅವನನ್ನ ಬಯ್ಯದೆ ಊಟಕ್ಕಿಟ್ಟಳು.

ಆದರೆ ಸರ್ವಮಂಗಳ ಮಿಸ್ಸು ಇನ್ನೂ ನಂಬಲಿಲ್ಲ. "ಭಾನುವಾರ ಹತ್ತಿಸಿ ತೋರಿಸು. ನಾನೇ ಕೂತ್ಕೋತೀನಿ" ಅಂದ್ರು.

ಭಾನುವಾರ ಬಂತು. ಮಿಸ್ಸು ಮುಂದೆ, ಚೆಲುವಾಜಮ್ಮ ಹಿಂದೆ. ಚೆಲುವಾಜಮ್ಮಂಗೆ ಬೆಟ್ಟದ ತಿರುವು ಕಂಡ್ರೆ ಪುಕಪುಕ, ಅದು ಅವಳಿಗೇ ಗೊತ್ತು. ಹತ್ತೋಕೆ ಮುಂಚೆ ಮಗನ ಕೈ ಹಿಡಿದು ಹೇಳಿದಳು: "ನಮ್ಮಪ್ಪ, ಇವತ್ತು ಎಲ್ಲೂ ನಿಲ್ಲಿಸಬೇಡ. ನಾನು ಹೆದರಿ ನಿಲ್ಸು ಅಂದ್ರೂ ನಿಲ್ಲಿಸಬೇಡ. ಮಿಸ್ಸು ನಿಲ್ಸು ಅಂದ್ರೂ ನಿಲ್ಲಿಸಬೇಡ. ನನ್ನಾಣೆ!"

"ಆಯ್ತು ಕಣವ್ವ!"

ಹೊರಟಿತು ಕಾರು! ಮೊದಲನೇ ತಿರುವು, ಎಂಜಿನ್ನಿನ ಬಿಸಿ ತೋರಿಸೋ ಮೀಟರಿನ ಮುಳ್ಳು ನಡುವೆ. ಎರಡನೇ ತಿರುವು, ಮುಳ್ಳು ನಡುವೆ. ಮೂರನೇ ತಿರುವು! ಚೆಲುವಾಜಮ್ಮ ಕಣ್ಣು ಮುಚ್ಚಿ ಮಾದಪ್ಪನ್ನ ನೆನೆದಳು. ಮಿಸ್ಸು ಮೀಟರಿನ ಕಡೆಗೇ ಬಗ್ಗಿದ್ರು. ಬುಸ್ ಇಲ್ಲ, ಹಬೆ ಇಲ್ಲ, ಮುಳ್ಳು ಅಲ್ಲಾಡಲಿಲ್ಲ! ಮುಂದೆ ಏದುಸಿರು ಬಿಡ್ತಾ ಹೋಗ್ತಿದ್ದ ಆ ಜೀಪು, ಅದೇ ಜೀಪು, ಅದನ್ನೂ ಹಿಂದಕ್ಕೆ ಹಾಕಿ ಕಾರು ಮೇಲೇರಿತು. "ಶಹಬ್ಬಾಸ್!" ಅಂತ ಮಿಸ್ಸೇ ಚಪ್ಪಾಳೆ ತಟ್ಟಿದ್ರು. ಚೆಲುವಾಜಮ್ಮ ಅಳ್ತಾ ನಗ್ತಾ, "ನನ್ನ ಮಗ ಕಣ್ರೀ! ನನ್ನ ಮಗ!" ಅಂದಳು.

ಶಾಲೆ ಬಂತು. "ಸಾಕು ಬಿಳಿಗಿರಿ, ಗೆದ್ದೆ. ನಿಲ್ಸು" ಅಂದ್ರು ಮಿಸ್ಸು.

ಶಾಲೆ ಹೋಯ್ತು.

"ನಿಲ್ಸೋ!" "ನಿಲ್ಸ್ಲಾ!" ಇಬ್ಬರೂ ಕಿರುಚಿದ್ರು. "ಅವ್ವನಾಣೆ ಐತೆ ಮಿಸ್ಸು!" ಅಂತ ಬಿಳಿಗಿರಿ ಗೇರು ಬದಲಾಯಿಸಿದ. ಬೆಟ್ಟದ ನೆತ್ತಿ ಹೋಯ್ತು. ಆಚೆ ಇಳಿಜಾರು ಹೋಯ್ತು. ಹೊಳೆ ಹೋಯ್ತು. ಬೋರ್ಡುಗಳೆಲ್ಲ ತಮಿಳಾದವು! ಮುಳ್ಳು ಮಾತ್ರ ನಡುವೆ, ಗಟ್ಟಿಯಾಗಿ. ಕೊನೆಗೆ ಒಂದು ಟೀ ಅಂಗಡಿ ಮುಂದೆ ಪೆಟ್ರೋಲು ಮುಗಿದು, ಎರಡು ಸಲ ಕೆಮ್ಮಿ, ಕಾರು ತಾನಾಗೇ ನಿಂತಿತು.

ಚೆಲುವಾಜಮ್ಮ ಕೈ ಎತ್ತಿದಳು. ಬಿಳಿಗಿರಿ ತಲೆ ಮುಚ್ಕೊಂಡು ಗೊಳೋ ಅಂತ ಅತ್ತ: "ಹೊಡೀಬೇಡ ಅವ್ವ! ನಾನು ನಿಲ್ಲಿಸಲಿಲ್ಲ, ಅದೇ ನಿಂತೋಯ್ತು!"

ಸರ್ವಮಂಗಳ ಮಿಸ್ಸು ಕಾರಿಂದ ಇಳಿದ್ರು. ಆಮೇಲೆ ನಕ್ಕರು. ಬೆಂಚಿನ ಮೇಲೆ ಕೂತು ಹೊಟ್ಟೆ ಹಿಡ್ಕೊಂಡು ನಕ್ಕರು. "ಚೆಲುವಾಜಮ್ಮ, ನಾನು ಶಾಲೆ ತನಕ ಹೋಗತ್ತಾ ಅಂತ ಕೇಳಿದ್ರೆ ನಿಮ್ಮ ಮಗ ಇನ್ನೊಂದು ರಾಜ್ಯಕ್ಕೇ ತಂದುಬಿಟ್ಟ! ಜೀಪು ಬೇಡ, ಏನೂ ಬೇಡ. ನಾನು ಆ ಶಾಲೇಲಿ ಇರೋವರೆಗೂ ಈ ಕಾರೇ!"

ಚೆಲುವಾಜಮ್ಮಂಗೆ ಸಂತೋಷದಲ್ಲಿ ಮೈಮೇಲೆ ಎಚ್ಚರವೇ ಇಲ್ಲ. ಮಗನ ಕೈಗೆ ಕ್ಯಾನು ಕೊಟ್ಟು, ರಸ್ತೆ ಕೊನೇಲಿ ಕಾಣ್ತಿದ್ದ ಪೆಟ್ರೋಲು ಬಂಕು ತೋರಿಸಿ, "ಹೋಗು ನನ್ನ ಬಂಗಾರ! ಎಲ್ಲೂ ನಿಲ್ಲದಂಗೆ ಓಡು!" ಅಂದಳು.

ಬಿಳಿಗಿರಿ ಕಣ್ಣೊರೆಸಿಕೊಂಡು ಓಡಿದ. ಬಂಕಿನವನು ಪೈಪು ಕೈಲಿ ಹಿಡಿದು ಕಾಯ್ತಾ ನಿಂತಿದ್ದ. ಬಿಳಿಗಿರಿ ಕ್ಯಾನು ಮೇಲೆತ್ತಿ ಅವನಿಗೊಂದು ನಮಸ್ಕಾರ ಹಾಕಿ, ಅವನ ಮುಂದೆಯೇ ದಾಟಿ, ಅದೇ ಸ್ಪೀಡಲ್ಲಿ ಮುಂದಿನ ಊರಿನ ಕಡೆಗೆ ಓಡಿಹೋದ.