ಕೊಯ್ದ ಹಾಸಿನ ಮಗ್ಗ

"ಕೇಳಿರಪ್ಪೋ ಕೇಳಿ! ನೇಕಾರರ ಓಣಿಯ ಪಾಳು ಮಗ್ಗ ಮೂರು ಒಗಟು ಕೇಳುತ್ತದೆ. ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿಯೊಂದಿಗೆ ಮದುವೆ. ತಪ್ಪಿದವನ ಜೀವಕ್ಕೆ ಅರಮನೆ ಹೊಣೆಯಲ್ಲ!"

ಅರಳೆಗಡದಲ್ಲಿ ಡಂಗುರ ಬೀಳುತ್ತಲೇ ಜನ ಬಾಗಿಲು ಹಾಕಿಕೊಂಡರು. ಆ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ಕೊನೆಯ ಮನೆಯಿಂದ ಲಾಳಿ ಓಡುವ ಸದ್ದು ಕೇಳುತ್ತಿತ್ತು. ಸದ್ದು ಎದ್ದೊಡನೆ ಅರಮನೆಯಲ್ಲಿ ರಾಜಕುಮಾರಿ ಪದುಮಾಂಬೆ ಗಡಗಡ ನಡುಗುವಳು. ಎಷ್ಟು ಶಾಲು, ಎಷ್ಟು ಕಂಬಳಿ ಹೊದಿಸಿದರೂ ಮೈ ಬೆಚ್ಚಗಾಗದು. ಅಮಾವಾಸ್ಯೆ ದಾಟುವುದು ಕಷ್ಟವೆಂದು ವೈದ್ಯರು ಕೈಚೆಲ್ಲಿದ್ದರು.

ಎತ್ತಿನ ಮೇಲೆ ಹತ್ತಿ ಹೇರಿ ಬಂದರಿಗೆ ಸಾಗಿಸುವ ಗೊಲ್ಲಾಳ ಡಂಗುರ ಕೇಳಿ ತಾಯಿ ಸಂಕವ್ವನ ಮುಂದೆ ಬಂದು ನಿಂತ.

"ಯವ್ವಾ, ನಾನೂ ಹೋಗಿಬರ್ಲೇನು?"

"ಎತ್ತಿನ ಮೈ ತೊಳಿ ಅಂದ್ರ ಕಿವಿ ಕೇಳಂಗಿಲ್ಲ, ಸಾಯಾಕ ಕರದ್ರ ಮುಂದ ಓಡ್ತೀ!"

"ಅಲ್ಲಿ ಒಂದು ಹೆಣ್ಣುಜೀವ ಚಳಿಗೆ ಸಾಯಾಕತ್ತೈತಿ, ಯವ್ವಾ."

ಸಂಕವ್ವ ಹುಟ್ಟಿದ್ದು ಅದೇ ಓಣಿಯಲ್ಲಿ. ಮಗನ ಹಣೆಗೆ ನೇಕಾರರ ದೇವಿ ಚೌಡವ್ವನ ಭಂಡಾರ ಹಚ್ಚಿ ಮೆಲ್ಲಗೆ ಹೇಳಿದಳು: "ನಮ್ಮವರು ಮಗ್ಗ ಎಂದೂ ಬರಿದು ಮಾಡ್ತಿರಲಿಲ್ಲ. ಸೀರಿ ಮುಗಿದ್ರ ಗೇಣುದ್ದ ಹಾಸು, ಅಂದ್ರ ಉದ್ದೆಳಿ, ಮಗ್ಗದಾಗ ಬಿಟ್ಟು, ಹೊಸಾ ಎಳಿ ಅದಕ್ಕ ಗಂಟು ಹಾಕ್ತಿದ್ವಿ. ಅಜ್ಜನ ನೂಲು ಮೊಮ್ಮಗನ ಕೈಗೆ ಹಂಗ ಬರ್ತಿತ್ತು. ತಾಯಿ ಕಾಯ್ತಾಳ, ಹೋಗು."

ಸಂಜೆ ಓಣಿಯ ಬಾಯಲ್ಲಿ ರಾಜ ವೀರಭೂಪಾಲನೂ ಊರವರೂ ನಿಂತಿದ್ದರು. ಮೊದಲು ಒಳಹೊಕ್ಕವನು ಬಂದರಿನ ಸಾಹುಕಾರನ ಮಗ. ಮಗ್ಗದ ಕುಣಿಯಿಂದ ಮುದುಕಿಯ ದನಿಯೊಂದು, ಬಾವಿಯ ತಳದಿಂದ ಬಂದಂತೆ, ಹೊರಗಿದ್ದವರಿಗೂ ಕೇಳಿಸಿತು: "ಬಿಳಿ ಸೀರೆಯುಟ್ಟು ತವರು ಬಿಟ್ಟವಳು, ಬಣ್ಣದ ಸೀರೆಯುಟ್ಟು ಹಡಗಿನಲ್ಲಿ ಮರಳಿದಳು. ಬಂದವಳು ತವರನ್ನೇ ನುಂಗಿದಳು. ಯಾರವಳು?"

"ಹಡಗಿನಲ್ಲಿ ಬರುವವಳು ಲಕ್ಷ್ಮಿಯಲ್ಲದೆ ಇನ್ನಾರು!" ಎಂದು ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು. ದೀಪ ಹಿಡಿದು ನೋಡಿದರೆ ಅವನ ಉಸಿರು ಬಿಳಿ ನೂಲಾಗಿ ಲಾಳಿಗೆ ಸುತ್ತಿಕೊಂಡಿತ್ತು.

ಮರುದಿನ ನೆರೆರಾಜ್ಯದ ಯುವರಾಜ ಹೋದ. "ಅವಳು ಹತ್ತಿ!" ಎಂದ. ದನಿ ಹೂಂಗುಟ್ಟಿ ಎರಡನೆಯದನ್ನು ಕೇಳಿತು: "ಮಗ್ಗ ಒಂದು, ದುಡಿದ ಕೈ ಹತ್ತು. ಕೂಲಿ ಕಂಡ ಕೈ ಎರಡೇ. ಉಳಿದ ಎಂಟು ಯಾರವು?"

"ಹತ್ತು ಕೈಯ ದೇವಿ! ಎರಡರಲ್ಲಿ ವರ, ಎಂಟರಲ್ಲಿ ಆಯುಧ." ಅಷ್ಟೇ. ಲಾಳಿಗೆ ಇನ್ನೊಂದು ನೂಲು ಸೇರಿತು.

ಅಮಾವಾಸ್ಯೆಯ ಸಂಜೆ ತನ್ನ ಸರದಿಗೆ ಗೊಲ್ಲಾಳ ಮುಂದೆ ಬಂದಾಗ ರಾಜ ಬೇಸತ್ತು ಹೇಳಿದ: "ಹೋಗಯ್ಯಾ, ಇನ್ನೊಂದು ಹೆಣ ಹೊರಲು ನನ್ನಲ್ಲಿ ಆಳಿಲ್ಲ."

"ನನ್ನ ಎತ್ತು ಐತ್ರಿ, ದೊರಿ. ಹೇರಿಬಿಡ್ರಿ. ಮನಿ ದಾರಿ ಅದಕ್ಕ ಗೊತ್ತೈತಿ."

ಒಳಗೆ ಕತ್ತಲು. ದನಿ ಮೊದಲ ಒಗಟು ಕೇಳಿತು. ಗೊಲ್ಲಾಳ ಕೈಮುಗಿದ. "ಹತ್ತಿ ಅಂತ ಯುವರಾಜರು ಹೇಳಿದ್ದು ಖರೇ, ತಾಯಿ. ಬಿಳಿ ಅರಳಿಯಾಗಿ ಅಕಿನ್ನ ಬಂದರಿಗೆ ಹೊತ್ತುಹಾಕಿದವ ನಾನ. ಪರದೇಶದ ಅಗ್ಗದ ಅರಿವಿಯಾಗಿ ಬಂದ್ಲು. ಮಂದಿ ಅದನ್ನ ಕೊಂಡ್ರು, ಈ ಓಣಿ ಉಪವಾಸ ಬಿತ್ತು."

"ಎಂಟು ಕೈ ಯಾರವು?" ದನಿ ಹತ್ತಿರ ಬಂದಿತ್ತು.

"ನೂಲು ತೆಗೆದ ಅಜ್ಜಿವು. ಗಂಜಿ ಹಚ್ಚಿದ ಹೇಣ್ತಿವು. ಹರಿದ ಎಳಿ ಕೂಡಿಸಿದ ಮುದುಕನವು, ಲಾಳಿಗೆ ನೂಲಿನ ಕಂಡಿಕಿ ಸುತ್ತಿದ ಮಗಳವು. ನಮ್ಮವ್ವನ ಬೆರಳಾಗ ಆ ನೂಲಿನ ಗೆರಿ ಇನ್ನೂ ಐತಿ."

ಕತ್ತಲಲ್ಲಿ ಯಾರೋ ಬಿಕ್ಕಿದಂತಾಯಿತು. ಆಮೇಲೆ ಮೂರನೆಯದು: "ಕೊಯ್ದರು, ಸಾಯಲಿಲ್ಲ. ಬಿಟ್ಟುಹೋದರು, ಬದುಕಲಿಲ್ಲ. ನನಗೇನು ಬೇಕು?"

ಗೊಲ್ಲಾಳನಿಗೆ ಹೊಳೆಯಲಿಲ್ಲ. ತನ್ನ ಉಸಿರು ಬಿಳಿಯ ಎಳೆಯಾಗಿ ಲಾಳಿಯ ಕಡೆ ಹೊರಡುವುದು ಕಣ್ಣಿಗೇ ಕಂಡಿತು. 'ಚೌಡವ್ವಾ' ಎಂದು ಮುಂದಕ್ಕೆ ಕುಸಿದ. ದಿಕ್ಕಿಲ್ಲದವರ ಕೈಯನ್ನು ದೇವಿ ತಾನೇ ಹಿಡಿದು ನಡೆಸುತ್ತಾಳೆ. ಅವನ ಕೈ ಮಗ್ಗದ ಮೇಲೆ ಬಿತ್ತು. ಅಲ್ಲಿ ಸಾಲುಸಾಲು ತುಂಡಾದ ಎಳೆಗಳು! ಯಾರೋ ಬಟ್ಟೆ ಅರ್ಧ ನೇಯ್ದಿರುವಾಗಲೇ ಹಾಸನ್ನು ಕೊಯ್ದಿದ್ದರು.

ತಾಯಿಯ ಮಾತು ನೆನಪಾಯಿತು. ಬಾಯಿ ತೆರೆಯಲಾಗದೆ ರುಮಾಲಿನಿಂದ ಒಂದು ಎಳೆ ಹಿರಿದು ಕೊಯ್ದ ತುದಿಗೆ ಗಂಟು ಹಾಕಿದ.

ಲಾಳಿ ನಿಂತಿತು. ಉಸಿರು ಮರಳಿತು.

"ಇನ್ನೊಂದು..." ಎಂದಿತು ದನಿ, ಹಸಿದ ಮಗುವಿನಂತೆ.

"ದೊರೀ!" ಗೊಲ್ಲಾಳ ಕೂಗಿದ. "ಇಕಿಗೆ ಮಾತು ಬ್ಯಾಡ್ರಿ, ನೂಲು ಬೇಕು! ನಿಮ್ಮ ಶಾಲು ತರ್ರಿ!"

ರಾಜ ಶಾಲು ತೆಗೆಯುತ್ತ ಒಳಬಂದು ಕುಣಿಯ ಮುಂದೆ ಮೊಣಕಾಲೂರಿದ. "ಮಗ್ಗದೆರೆಯ ಕಂದಾಯ ಕೊಡಲಿಲ್ಲವೆಂದು ಇದನ್ನು ಕೊಯ್ಯಿಸಿದವನು ನಾನೇ, ತಾಯಿ. ಆ ಚಳಿಗಾಲದಲ್ಲಿ ನೀನು ಇಲ್ಲೇ ಸತ್ತೆಯಂತೆ, ಹೊದೆಯಲು ಬಟ್ಟೆಯಿಲ್ಲದೆ." ತನ್ನ ಶಾಲಿನ ಎಳೆ ತಾನೇ ಕಟ್ಟಿದ. ಸಂಕವ್ವ ಬಂದಳು, ಊರವರು ಒಬ್ಬೊಬ್ಬರಾಗಿ ಬಂದರು. ಕೊನೆಯ ಗಂಟು ಬೀಳುವ ಹೊತ್ತಿಗೆ ಅರಮನೆಯಿಂದ ದಾಸಿ ಓಡಿಬಂದಳು: "ರಾಜಕುಮಾರಿಯವರು ಕಂಬಳಿ ಕಿತ್ತೊಗೆದರು! ಸೆಕೆ ಅಂತಿದ್ದಾರೆ!"

ಗೊಲ್ಲಾಳ ಅರ್ಧ ರಾಜ್ಯ ಬೇಡವೆಂದ. ಮಗ್ಗದೆರೆ ಬಿಡಬೇಕು, ದಿಕ್ಕಾಪಾಲಾದ ನೇಕಾರರನ್ನು ಕರೆಸಬೇಕು, ಕೂಲಿ ಹತ್ತೂ ಕೈಗೆ ಸಲ್ಲಬೇಕು ಎಂದ. ರಾಜ ಒಪ್ಪಿದ. ಮದುವೆಯ ಮಾತು ಬಂದಾಗ ಗೊಲ್ಲಾಳ "ಅವರನ್ನ ಕೇಳ್ರಿ" ಎಂದು ತಲೆ ತಗ್ಗಿಸಿದ. ಪದುಮಾಂಬೆ ಸಂಕವ್ವನ ಕಡೆ ತಿರುಗಿ, "ಮೊದಲು ಕಂಡಿಕೆ ಸುತ್ತುವುದು ಕಲಿಸಿ, ಅತ್ತೆ" ಎಂದಳಂತೆ.

ಆ ಮಗ್ಗದಿಂದ ಇಳಿದ ಮೊದಲ ಸೀರೆಯನ್ನು ಮದುಮಗಳಿಗೆಂದು ಕೆಂಪು ಬಣ್ಣದಲ್ಲಿ ಅದ್ದಿದರು. ಎಷ್ಟು ಅದ್ದಿದರೂ ಎರಡು ಎಳೆ ಬಣ್ಣ ಹಿಡಿಯಲಿಲ್ಲ, ಉಸಿರಿನಂತೆ ಬೆಳ್ಳಗೇ ಉಳಿದವು. ಅವಳು ಅದನ್ನು ಉಡಲಿಲ್ಲ. ಆ ಇಬ್ಬರ ಹೆಸರು ಹೇಳಿ ಚೌಡವ್ವನಿಗೆ ಉಡಿಸಿದಳು. ಆ ಓಣಿಯಲ್ಲಿ ಮಾತ್ರ ಇಂದಿಗೂ ಗೇಣುದ್ದ ಹಾಸು ಬಿಡದೆ ಯಾರೂ ಮಗ್ಗದಿಂದ ಏಳುವುದಿಲ್ಲ.