ಟವೆಲ್ ಹಾಸಿದ ಕುರ್ಚಿ

ಗುರುಪಾದ ಯಾದಗಿರಿಯಿಂದ ಹುಬ್ಬಳ್ಳಿಯ ಗೋದಾಮೊಂದಕ್ಕೆ ಗುಮಾಸ್ತನಾಗಿ ಬಂದು ಮೂರು ತಿಂಗಳಾಗಿತ್ತು. ಅಷ್ಟು ದೊಡ್ಡ ಊರಲ್ಲಿ ‘ಊಟ ಆಯ್ತೇನಪ್ಪಾ’ ಅನ್ನುವ ಒಂದು ನರಪಿಳ್ಳೆಯೂ ಇರಲಿಲ್ಲ. ಕಡೆಗೆ ಜೊತೆಗೆ ಕೆಲಸ ಮಾಡುವ ಪ್ರಹ್ಲಾದ, “ಶನಿವಾರ ಕಂಪನಿ ನಾಟಕಕ್ಕ ಹೋಗೂಣು. ನೀ ಮೊದಲ ಹೋಗಿ ಜಾಗಾ ಹಿಡಿ,” ಅಂದ. ಗುರುಪಾದನಿಗೆ ಸ್ವರ್ಗಕ್ಕೆ ಮೂರೇ ಗೇಣು! ಈ ಗೆಳೆತನವೂ ಕುದುರದಿದ್ದರೆ ಸೋಮವಾರ ಕೆಲಸ ಬಿಟ್ಟು ಊರಿಗೆ ಹೋಗುವುದೇ ಸೈ ಎಂದು ತೀರ್ಮಾನಿಸಿದ.

ಶನಿವಾರ ಇಸ್ತ್ರಿ ಅಂಗಿ ತೊಟ್ಟು, ಬೇಗ ಹೋಗಿ ನಡುವಿನ ಸಾಲಿನಲ್ಲಿ ಕೂತ. ಪಕ್ಕದ ಕುರ್ಚಿಗೆ ಟವೆಲ್ ಹಾಸಿದ. ನಮ್ಮ ಜನರಲ್ಲಿ ಟವೆಲ್ ಬಿತ್ತೆಂದರೆ ಜಾಗ ರಿಜಿಸ್ಟರ್ ಆದ ಹಾಗೇ ಅಲ್ಲವೇ!

ಮೊದಲ ಗಂಟೆ ಹೊಡೆಯಿತು. ಟೆಂಟು ತುಂಬಿತು. ಪ್ರಹ್ಲಾದ ಇಲ್ಲ. ಫೋನೂ ಎತ್ತುತ್ತಿಲ್ಲ. ಅಷ್ಟರಲ್ಲಿ ಅಜ್ಜನೊಬ್ಬ ಕೋಲೂರಿಕೊಂಡು ಬಂದು, “ತಮ್ಮಾ, ಇಲ್ಲಿ ಯಾರರ ಅದಾರೇನು?” ಎಂದು ಕೇಳಿದ.

“ಬರಾಕತ್ತಾರ್ರೀ,” ಅಂದ ಗುರುಪಾದ, ಮುಖವನ್ನೂ ನೋಡದೆ. ಅಜ್ಜ ಹೋಗಿ ಕಂಬಕ್ಕೆ ಒರಗಿ ನಿಂತ.

ಎರಡನೇ ಗಂಟೆ. ಬಾಗಿಲ ಕಡೆ ನೋಡಿ ನೋಡಿ ಗುರುಪಾದನ ಕುತ್ತಿಗೆ ಹಿಡಿದುಕೊಂಡಿತು. ಗೇಟಿನವನು ಬಂದು ಜೋರು ಮಾಡಿದ: “ಟವೆಲ್ ತಗೀರಿ. ಹಿರ್ಯಾರು ನಿಂತಿದ್ದು ಕಾಣಂಗಿಲ್ಲೇನು?”

“ಮುಟ್ಟಿದ್ರ ನೋಡು!” ಗುರುಪಾದ ಎದ್ದೇ ನಿಂತ. ಸುತ್ತಲಿನವರೆಲ್ಲ ತಿರುಗಿ ನೋಡಿದರು.

“ಇರಲಿ ಬಿಡೋ, ಅವನ ಗೆಳೆಯಾ ಬರಾಂವ ಇರಬೇಕು,” ಎಂದು ಅಜ್ಜನೇ ಸಮಾಧಾನ ಹೇಳಿದ.

ಮೂರನೇ ಗಂಟೆಗೆ ಪರದೆ ಎದ್ದಿತು. ಹಾಸ್ಯಗಾರನ ಮಾತಿಗೆ ಟೆಂಟು ಹಾರಿಹೋಗುವಂತೆ ಜನ ನಕ್ಕರು. ನಕ್ಕವರೆಲ್ಲ ಪಕ್ಕದವರ ಕಡೆ ತಿರುಗಿದರು. ಗುರುಪಾದನೂ ತಿರುಗಿದ. ಟವೆಲ್ ಇತ್ತು.

ವಿರಾಮ ಬಿಟ್ಟಾಗ ನೋಡಿದರೆ, ಮುಂದಿನ ಸಾಲಿನಿಂದ ನಾಲ್ಕು ಜನ ಗೆಳೆಯರ ಜೊತೆ ಪ್ರಹ್ಲಾದ ಎದ್ದು ಬರುತ್ತಿದ್ದಾನೆ! ಆ ಸಾಲಿನವರ ಬಾಗಿಲೇ ಬೇರೆ. “ಅರೇ, ನೀನೂ ಬಂದೀಯೇನು? ನಾ ಮರತೇ ಬಿಟ್ಟಿದ್ದೆ ನೋಡು!” ಎಂದು ನಕ್ಕು ಚಹಾ ಕುಡಿಯಲು ಹೋದ.

ಗುರುಪಾದನಿಗೆ ಅಳುವೇ ಬಂತು. ಟವೆಲ್ ಎಳೆದುಕೊಂಡು ಹೊರಟ. ಇನ್ನು ಈ ಊರಿನ ಸಹವಾಸವೇ ಬೇಡ! ಆದರೆ ಕಂಬದ ಹತ್ತಿರ ಬಂದಾಗ ಅಲ್ಲಿ ಅಜ್ಜ ಇಲ್ಲ. ನಿಂತು ಸಾಕಾಗಿ ಹೊರಟೇ ಹೋದನೇ? ಓಡಿದ. ಗೇಟಿನಾಚೆ ಅಜ್ಜ ಆಟೋ ಹತ್ತುವುದರಲ್ಲಿದ್ದ.

“ಅಜ್ಜಾರ, ಯಾಕ ಹೊಂಟ್ರಿ? ನಿಂತು ಕಾಲು ನೋವಾತೇನ್ರಿ?”

“ಕಾಲಿಗೇನಾಗೇತೋ ತಮ್ಮಾ! ಒಬ್ಬಾವನ ನಕ್ಕು ನಕ್ಕು ಬ್ಯಾಸರಾತು.”

ಗುರುಪಾದ ಅವನ ಕೈ ಹಿಡಿದ. “ಬರ್ರಿ, ಕುರ್ಚಿ ಖಾಲಿ ಐತಿ.”

“ನಿನ್ನ ಗೆಳೆಯಾ ಬರಲಿಲ್ಲೇನು?”

“ಮೊದಲನೇ ಗಂಟಿಗೇ ಬಂದಿದ್ರು ರೀ. ನಾನ ಕುಂಡ್ರಸಲಿಲ್ಲ.”

ನೀತಿ: ಬಾರದವರ ದಾರಿ ಕಾಯುತ್ತಾ, ಬಂದವರನ್ನು ನಿಲ್ಲಿಸಬೇಡಿ. ಒಂಟಿತನಕ್ಕೆ ಎಷ್ಟೋ ಸಲ ನಾವೇ ಟವೆಲ್ ಹಾಸಿ ಜಾಗ ಹಿಡಿದಿರುತ್ತೇವೆ.