ಲಕೋಟೆಯೊಳಗಿನ ಪೊಟ್ಟಣ

"ಅಕ್ಕಾ, ಹೆರಿಗೆ ಆಯ್ತಾ?" ಎಂಬ ತಂಗಿಯ ಪ್ರಶ್ನೆ ಹೊತ್ತು ಇಂಟರ್ನೆಟ್ಟಿನಲ್ಲಿ ಹೊರಟಿದ್ದ ಪೊಟ್ಟಣಕ್ಕೆ ಹೊಸ ಬಗೆಯ ಉದ್ದ ವಿಳಾಸವಿತ್ತು. ವಿಳಾಸ ಓದಿ ದಾರಿ ತೋರಿಸುವ ಹಳೆಯ ರೂಟರ್ ಅದನ್ನು ತಡೆಯಿತು. "ನನಗೆ ಗಿಡ್ಡ ವಿಳಾಸವಷ್ಟೇ ಓದಲು ಬರುವುದು. ಹಿಂದಿರುಗು."

ಪಕ್ಕದಲ್ಲಿದ್ದ ಗಿಡ್ಡ ವಿಳಾಸದ ಲಕೋಟೆ, "ನನ್ನೊಳಗೆ ಕೂತುಕೋ, ದಾಟಿಸುತ್ತೇನೆ" ಎಂದಿತು. ಮೂಗು ಮುರಿಯುತ್ತಲೇ ಪೊಟ್ಟಣ ಒಳಹೊಕ್ಕಿತು. ಲಕೋಟೆಯ ಮೇಲಿನ ವಿಳಾಸ ಓದಿ ರೂಟರ್ ದಾರಿ ಬಿಟ್ಟಿತು. ಆಚೆ ಬದಿ ತಲುಪಿದ್ದೇ ತಡ, ಪೊಟ್ಟಣ ಲಕೋಟೆಯನ್ನು ಹರಿದೆಸೆದು ಹೊರಬಂದಿತು.

ಅಲ್ಲಿದ್ದ ಹೊಸ ರೂಟರ್ ಕೇಳಿತು: "ಹಳಬರ ಸೀಮೆಯನ್ನು ಹೇಗೆ ದಾಟಿದಿರಿ?"

"ನನ್ನ ವಿಳಾಸ ನೋಡಿಯೇ ದಾರಿ ಬಿಟ್ಟರು" ಎಂದು ಪೊಟ್ಟಣ ಬೀಗಿತು.

ರೂಟರ್ ನಂಬಿತು. "ಹೆಣ್ಣು ಮಗು, ಇಬ್ಬರೂ ಕ್ಷೇಮ" ಎಂಬ ಅಕ್ಕನ ಉತ್ತರವನ್ನು ಅದೇ ದಾರಿಯಲ್ಲಿ, ಬರೀ ಉದ್ದ ವಿಳಾಸದೊಂದಿಗೆ, ಲಕೋಟೆಯಿಲ್ಲದೆ ಕಳಿಸಿತು.

ತಂಗಿ ಇನ್ನೂ ಫೋನು ನೋಡುತ್ತ ಕೂತಿದ್ದಾಳೆ.